ಅಲೆಯಿಲ್ಲದ ಕೆರೆಗೂ ಒಂದು ಹಲಗೆ

ಕರ್ನಾಟಕದಲ್ಲಿ ಸರ್ಫಿಂಗ್ ಅಂದರೆ ಮುಲ್ಕಿ. ಜನ 'ಸರ್ಫಿಂಗ್ ಸ್ವಾಮಿ' ಎಂದೇ ಕರೆಯುವ ಅಮೆರಿಕದ ಜ್ಯಾಕ್ ಹೆಬ್ನರ್ ಅಲ್ಲಿ 2004ರಲ್ಲಿ ಶುರುಮಾಡಿದ ಮಂತ್ರ ಸರ್ಫ್ ಕ್ಲಬ್‌ನಿಂದ ಈ ಆಟ ಕರಾವಳಿಯ ಹುಡುಗರ ಕೈಸೇರಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು.  

ಮಮದಾಪುರಕ್ಕೆ ಕಡಲಿಲ್ಲ. ನಮ್ಮ ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಈ ಊರಿಗೆ ಇರುವುದು 17ನೇ ಶತಮಾನದಲ್ಲಿ ಮಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ ಕಟ್ಟಿಸಿದ ದೊಡ್ಡ ಕೆರೆ. ಊರಿನ ಹೆಸರೂ ಅವನದೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಿರುಕುಬಿಟ್ಟ ಎರೆಮಣ್ಣು ತೋರಿಸುತ್ತಿದ್ದ ಕೆರೆಗೆ ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ಗಾಳಿ ಬಿಟ್ಟಾಗ ಒಂದಿಷ್ಟು ತೆರೆ ಏಳುತ್ತದೆ, ಅಷ್ಟೆ. ಅದರ ಮೇಲೆ ಸರ್ಫಿಂಗ್ ಸಾಧ್ಯವಿಲ್ಲ. ಆದರೆ ಸರ್ಫ್‌ಬೋರ್ಡಿನ ಜಾತಿಯದೇ ಇನ್ನೊಂದಿದೆ. ಅದರ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ನಿಂತ ನೀರಿನಲ್ಲಿ ಸಾಗಬಹುದು. ಪ್ಯಾಡಲ್‌ಬೋರ್ಡ್ ಎನ್ನುತ್ತಾರೆ. ಕೆರೆಗೆ ಹೇಳಿಮಾಡಿಸಿದ್ದು ಅದು. ಎರಡನ್ನೂ ಕಟ್ಟುವ ವಿದ್ಯೆ ಒಂದೇ, ಎರಡರಿಂದಲೂ ಆಗುವ ಮಾಲಿನ್ಯವೂ ಒಂದೇ. ಆ ಮಾಲಿನ್ಯವನ್ನು ತಗ್ಗಿಸುವ ಸಾಮಗ್ರಿಯಲ್ಲಿ ಬಹಳಷ್ಟು ವಿಜಯಪುರದ ಹೊಲದ ಬದುವಿನಲ್ಲೇ ಸಿಗುತ್ತದೆ.

ಮೊದಲು ಅಂಗಡಿಯ ಬೋರ್ಡಿನೊಳಗೆ ಏನಿದೆ ನೋಡೋಣ. ನಡುವೆ ಪಾಲಿಯುರೆಥೇನ್ ಫೋಮ್, ಅದರ ಬೆನ್ನುದ್ದಕ್ಕೆ ಒಂದು ತೆಳು ಮರದ ಪಟ್ಟಿ, ಮೇಲೆ ಗಾಜಿನೆಳೆಯ ಬಟ್ಟೆ, ಅದನ್ನು ಕೂಡಿಸಲು ಪಾಲಿಯೆಸ್ಟರ್ ರಾಳ. ಫೋಮ್ ಮಾಡಲು ಟಿಡಿಐ ಎಂಬ ರಾಸಾಯನಿಕ ಬೇಕು, ಅದರ ಆವಿ ಉಸಿರಾಟಕ್ಕೆ ವಿಷ. ರಾಳ ಗಟ್ಟಿಯಾಗುವಾಗ ಸ್ಟೈರೀನ್ ಆವಿ ಬಿಡುತ್ತದೆ; ಫೈಬರ್ ಡೋಮು, ನೀರಿನ ಟ್ಯಾಂಕು ಮಾಡುವ ಶೆಡ್ಡಿನ ಬಳಿ ಮೂಗಿಗೆ ಹೊಡೆಯುವ ವಾಸನೆ ಅದೇ. ಅಮೆರಿಕದ ಬೋರ್ಡು ತಯಾರಕರಲ್ಲಿ ಬಹುಪಾಲು ಜನರಿಗೆ ಫೋಮ್ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಂಪನಿ 2005ರ ಡಿಸೆಂಬರ್ 5ರಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಮಾಲೀಕ ಗಾರ್ಡನ್ ಕ್ಲಾರ್ಕ್ ಕೊಟ್ಟ ಕಾರಣಗಳಲ್ಲಿ ಪರಿಸರ ನಿಯಮಗಳ ಬಿಗಿಯೂ ಟಿಡಿಐ ತಕರಾರೂ ಇದ್ದವು. ಬೇರೆ ದಾರಿ ಹುಡುಕುವುದು ಆಮೇಲೆ ಅನಿವಾರ್ಯವಾಯಿತು: ಥರ್ಮಾಕೋಲ್ ತಿರುಳಿನ ಮೇಲೆ ಎಪಾಕ್ಸಿ ರಾಳ, ಬಳಸಿ ಬಿಸಾಡಿದ ಥರ್ಮಾಕೋಲನ್ನೇ ಪುಡಿಮಾಡಿ ಮತ್ತೆ ಅಚ್ಚುಹಾಕಿದ ತಿರುಳು, ಭಾಗಶಃ ಸಸ್ಯಮೂಲದ ರಾಳ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳ ರಾಶಿ ನೋಡಿದವರಿಗೆ ಇದು ಕರಾವಳಿಗೆ ಒಳ್ಳೆಯ ಉಪಾಯ ಅನ್ನಿಸೀತು. ವಿಜಯಪುರದ ಕಡೆಗೆ ಮರವೇ ಸರಿ.

ಮರ ಅಂದಾಕ್ಷಣ ಹಳೆಯ ಕಾಲಕ್ಕೆ ಹೊರಟಂತೆ ಆಗುವುದಿಲ್ಲ. ಹವಾಯಿಯ ಜನ 'ಅಲಾಯಾ' ಎಂಬ ತೆಳು ಹಲಗೆಯನ್ನು ಕೋವಾ ಮರದಿಂದ, ದೀವಿಹಲಸಿನ ಮರದಿಂದ ಕೆತ್ತುತ್ತಿದ್ದರು. ಅರಸು ಮನೆತನದವರ ಉದ್ದನೆಯ 'ಓಲೊ' ಹಲಗೆಗೆ ವಿಲಿವಿಲಿ ಎಂಬ ಹಗುರ ಮರ. ಈ ವಿಲಿವಿಲಿ ನಮ್ಮ ಹಾಲಿವಾಣದ ಕುಲಕ್ಕೇ ಸೇರಿದ್ದು. ಮೇಲೆ ಕುಕುಯಿ ಕಾಯಿಯ ಎಣ್ಣೆ ಸವರಿದರೆ ಮುಗಿಯಿತು. ಆದರೆ ಗಟ್ಟಿ ಮರದ ಉದ್ದನೆಯ ಹಲಗೆಯನ್ನು ಹೊತ್ತುಕೊಂಡು ಹೋಗುವುದೇ ಕಷ್ಟ. 1926ರ ಸುಮಾರಿಗೆ ಟಾಮ್ ಬ್ಲೇಕ್ ಎಂಬಾತ ಹೊನಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಹಲಗೆಗಳ ಮಾದರಿಯಲ್ಲಿ ಒಂದನ್ನು ಮಾಡಿದ. ತೂಕ ಇಳಿಸಲು ಅದರ ಮೈತುಂಬ ತೂತು ಕೊರೆದು, ಮೇಲೆ ತೆಳು ಹಲಗೆ ಮುಚ್ಚಿದ. ಅಲ್ಲಿಂದ ಮುಂದೆ ಪಕ್ಕೆಲುಬು ಜೋಡಿಸಿ ಟೊಳ್ಳು ಬೋರ್ಡು ಕಟ್ಟುವುದನ್ನು ರೂಪಿಸಿ 1932ರಲ್ಲಿ ಪೇಟೆಂಟ್ ಪಡೆದ. 1935ರಲ್ಲಿ ಬೋರ್ಡಿನ ತಳಕ್ಕೆ ಮೀನಿನ ರೆಕ್ಕೆಯಂಥ ಫಿನ್ ಜೋಡಿಸಿದವನೂ ಅವನೇ.

ಕೃಷ್ಣೆ, ತುಂಗಭದ್ರೆಯ ದಂಡೆಯವರಿಗೆ ಈ ಯೋಚನೆ ಹೊಸದಲ್ಲ. ಹರಗೋಲಿನ ಕಟ್ಟೋಣವೇ ಇದು: ಒಳಗೆ ಬಿದಿರಿನ ಹೆಣಿಗೆ ಭಾರ ಹೊರುತ್ತದೆ, ಹೊರಗಿನ ತೊಗಲು ನೀರು ತಡೆಯುತ್ತದೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದರೂ ಒಳಗಿನ ಬಿದಿರು ಹಾಗೇ ಉಳಿಯಿತು. ಬೋರ್ಡನ್ನು ಹಸಿರು ಮಾಡಬೇಕೆನ್ನುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ. ಹೊರಮೈಗೆ ಎಷ್ಟು ಕಡಿಮೆ ರಾಳ ಸಾಕು? ಆ ಕಡಿಮೆ ರಾಳದಲ್ಲೇ ಬೋರ್ಡು ಎಷ್ಟು ವರ್ಷ ಬಾಳುತ್ತದೆ? ನನ್ನ ಮಟ್ಟಿಗೆ ಲೇಬಲ್ಲಿನ ಮೇಲಿನ ಹಸಿರೆಲೆಗಿಂತ ಈ ಎರಡು ಲೆಕ್ಕ ಮುಖ್ಯ. ಸಸ್ಯಮೂಲದ ರಾಳ ಬಳಸಿಯೂ ಎರಡೇ ವರ್ಷಕ್ಕೆ ಮುರಿಯುವ ಬೋರ್ಡಿಗಿಂತ ಮಾಮೂಲಿ ಎಪಾಕ್ಸಿಯಲ್ಲಿ ಕಟ್ಟಿದ, ಹತ್ತಾರು ವರ್ಷ ಬಾಳುವ ಮರದ ಬೋರ್ಡು ಮೇಲು.

ಇನ್ನು ಅಳತೆ. ಅಲೆಯ ಮೇಲಿನ ಬೋರ್ಡು ಓಟದಿಂದ ಎತ್ತಲ್ಪಡುತ್ತದೆ, ಆದ್ದರಿಂದ ನಿಂತವನನ್ನು ಅದು ನಿಂತ ನೀರಿನಲ್ಲಿ ತೇಲಿಸಬೇಕಿಲ್ಲ. ಪಳಗಿದ ಸರ್ಫರ್‌ಗೆ ಮೈತೂಕದ ಕೆಜಿಗೆ 0.4 ಲೀಟರಿನಷ್ಟು ಗಾತ್ರವಿದ್ದರೂ ನಡೆಯುತ್ತದೆ, ಕಲಿಯುವವನಿಗೆ ಕೆಜಿಗೆ ಒಂದು ಲೀಟರಿನ ಆಸುಪಾಸು ಬೇಕು. ಕೆರೆಯ ಬೋರ್ಡಿಗೆ ಈ ರಿಯಾಯಿತಿ ಇಲ್ಲ. 75 ಕೆಜಿಯ ಮನುಷ್ಯ, 15 ಕೆಜಿಯ ಬೋರ್ಡು, ಒಟ್ಟು 90 ಕೆಜಿ. ಆರ್ಕಿಮಿಡೀಸ್ ಹೇಳಿದ ಪ್ರಕಾರ 90 ಲೀಟರ್ ನೀರು ಪಕ್ಕಕ್ಕೆ ಸರಿಯಲೇಬೇಕು. ಬರೀ 90 ಲೀಟರಿನ ಬೋರ್ಡಾದರೆ ಅದರ ಮೇಲ್ಮೈ ನೀರಿನ ಮಟ್ಟಕ್ಕೇ ಇಳಿದು ಕಾಲಡಿಯಲ್ಲಿ ತೊನೆದಾಡುತ್ತದೆ. ನೆಮ್ಮದಿಯಾಗಿ ನಿಲ್ಲಲು ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಂದರೆ 200 ಲೀಟರ್ ಇಟ್ಟುಕೊಳ್ಳುವುದು ವಾಸಿ. ಉದ್ದ 3.3 ಮೀಟರ್ (ಸುಮಾರು 11 ಅಡಿ), ಅಗಲ 81 ಸೆಂ.ಮೀ. (32 ಇಂಚು), ದಪ್ಪ 12 ಸೆಂ.ಮೀ. ಗುಣಿಸಿದರೆ 320 ಲೀಟರ್ ಬರುತ್ತದೆ. ಆದರೆ ಮೂತಿ, ಬಾಲ ಕಿರಿದಾಗುವುದರಿಂದ, ಅಂಚು ದುಂಡಗಿರುವುದರಿಂದ ಅದರಲ್ಲಿ ಶೇ 60ರಿಂದ 65 ಭಾಗ ಮಾತ್ರ ಲೆಕ್ಕಕ್ಕೆ. ಅಲ್ಲಿಗೆ 200 ಲೀಟರ್ ಸರಿಹೋಯಿತು. ಮೂತಿಯನ್ನು ಮೂರು ನಾಲ್ಕು ಇಂಚು ಮೇಲೆತ್ತಿದರೆ ಸಾಕು. ಕಡಲಿನ ಬೋರ್ಡಿನ ಹಾಗೆ ಹೆಚ್ಚು ಬಾಗಿಸಿದರೆ ಕೆರೆಯಲ್ಲಿ ಅದು ನೀರನ್ನು ತಳ್ಳುತ್ತ ಕೂರುತ್ತದೆಯೇ ಹೊರತು ಮುಂದೆ ಜಾರುವುದಿಲ್ಲ.

ಮರ ಯಾವುದು? ತೆಳು ಹೊದಿಕೆಗೆ ಹೆಬ್ಬೇವು. ರಾಜ್ಯದಲ್ಲಿ ಅರಣ್ಯಕೃಷಿಗೆಂದು ರೈತರು ಹೊಲದ ಅಂಚಿನಲ್ಲಿ ನೆಟ್ಟು, ಪ್ಲೈವುಡ್ಡಿಗೆ ಮಾರುವ ಮರ ಇದು. ಬೇಗ ಬೆಳೆಯುತ್ತದೆ, ಘನ ಮೀಟರಿಗೆ ಸುಮಾರು 400 ಕೆಜಿ ತೂಗುತ್ತದೆ, ಅಂದರೆ ಸಾಗುವಾನಿಗಿಂತ ಬಹಳ ಹಗುರ. ಕಾಡಿನ ಮರ ಮುಟ್ಟುವ ಪ್ರಶ್ನೆಯೇ ಇಲ್ಲ. ಸಾಮಿಲ್‌ನಲ್ಲಿ 5 ಮಿ.ಮೀ. ದಪ್ಪ, 2 ಇಂಚು ಅಗಲದ ಪಟ್ಟಿ ಸೀಳಿಸಬೇಕು. ಹುಳ ಕೊರೆದ ಸಣ್ಣ ತೂತು ಇದ್ದ ಪಟ್ಟಿಯನ್ನು ಅಲ್ಲೇ ಪಕ್ಕಕ್ಕಿಡಿ; ಆಮೇಲೆ ಎಷ್ಟು ಬಳಿದರೂ ನೀರು ಅಲ್ಲಿಂದಲೇ ಒಳಬರುತ್ತದೆ. ಮೇಲೂ ಕೆಳಗೂ ಸೇರಿ ಹೊದಿಕೆ ಸುಮಾರು 4.2 ಚದರ ಮೀಟರ್. ಮರದ ತೂಕ ಎಂಟೂವರೆ ಕೆಜಿಯ ಒಳಗೆ.

ಅಂಚಿಗೆ, ಮೂತಿಯ ತುದಿಗೆ, ಬಾಲಕ್ಕೆ ದಪ್ಪನೆಯ, ಆದರೆ ಹಗುರವಾದ, ರಂದಾ ಹಾಕಿದರೆ ಸುಲಭವಾಗಿ ದುಂಡಗಾಗುವ ವಸ್ತು ಬೇಕು. ಪಾಶ್ಚಾತ್ಯರು ಬಾಲ್ಸಾ ಮರ ಬಳಸುತ್ತಾರೆ, ಅದು ಹಡಗಿನಲ್ಲಿ ಬರಬೇಕು. ಇಲ್ಲಿ ಬದುವಿನ ಮೇಲಿನ ಕತ್ತಾಳೆ ಇದೆ. ಮೆಕ್ಸಿಕೊ ಮೂಲದ ಈ ಗಿಡ ಈ ಒಣನಾಡಿಗೆ ಎಷ್ಟು ಒಗ್ಗಿದೆಯೆಂದರೆ ರೈಲುಹಳಿಯ ಬೇಲಿಗೂ ಅದೇ, ಎತ್ತಿನ ಹಗ್ಗದ ನಾರಿಗೂ ಅದೇ. ಕತ್ತಾಳೆ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ವರ್ಷಗಟ್ಟಲೆ ಎಲೆಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಸುರಿದು ನಡುವಿನಿಂದ ಒಂದು ಕಂಬ ಎಬ್ಬಿಸುತ್ತದೆ, ಚೆನ್ನಾಗಿ ಬೆಳೆದ ಗಿಡದಲ್ಲಿ ಅದು 6–8 ಮೀಟರ್ ಎತ್ತರ. ಹೂವು ಮುಗಿದ ಮೇಲೆ ಗಿಡ ಸಾಯುತ್ತದೆ, ಕಂಬ ನಿಂತಲ್ಲೇ ಒಣಗುತ್ತದೆ. ಹಾಗೆ ಒಣಗಿದ ಕಂಬವನ್ನು ಕಡಿದರೆ ಜೀವಂತ ಗಿಡಕ್ಕೆ ಕೊಡಲಿ ಹಾಕಿದಂತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾರಿ ಲಿಂಡೆನ್ ಇಂಥ ಕಂಬಗಳನ್ನು ಸೀಳಿ ಅಂಟಿಸಿ ಇಡೀ ಸರ್ಫ್‌ಬೋರ್ಡನ್ನೇ ಕೆತ್ತಿ ಹೆಸರಾದವರು.

ಕಂಬವನ್ನು ಹತ್ತಿರದಿಂದ ನೋಡಿ. ಹೊರಗೆ ಬಿದಿರಿನ ಹಾಗೆ ಗಟ್ಟಿ ತೊಗಟೆ, ಒಳಗೆ ಟೊಳ್ಳಲ್ಲ, ತಿಳಿಹಳದಿಯ ತಿರುಳು. ಉಗುರು ಒತ್ತಿದರೆ ಗುರುತು ಮೂಡುತ್ತದೆ, ಆದರೂ ಉದ್ದಕ್ಕೆ ನಾರು ಓಡಿರುವುದರಿಂದ ಬಾಗಿಸಿದರೆ ತಟ್ಟನೆ ಮುರಿಯುವುದಿಲ್ಲ. ಬುಡದ ಕಡೆಯ ಎರಡು ಮೂರು ಮೀಟರ್ ಮಾತ್ರ ನಮಗೆ ಬೇಕಾದ ದಪ್ಪ ಇರುತ್ತದೆ. ಉದ್ದಕ್ಕೆ ಸೀಳಿ, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿ, ಎರಡೂ ತುದಿಗೆ ಬಣ್ಣ ಬಳಿದು ಕೆಲವು ತಿಂಗಳು ಒಣಗಿಸಬೇಕು. ತುದಿ ಬೇಗ ಒಣಗಿದರೆ ಸೀಳು ಬಿಡುತ್ತದೆ, ಅದಕ್ಕೆ ಬಣ್ಣ. ಒಂದು ಎಚ್ಚರಿಕೆ: ಹಸಿ ಕತ್ತಾಳೆಯ ರಸದಲ್ಲಿ ಸೂಜಿಯಂಥ ಹರಳುಗಳಿವೆ, ಮೈಗೆ ತಾಗಿದರೆ ಉರಿ, ತುರಿಕೆ. ಹಗ್ಗ ಹೊಸೆಯುವವರಿಗೆ ಇದು ಗೊತ್ತು. ತಿರುಳು ನೀರು ಹೀರುವುದರಿಂದ ಕತ್ತಾಳೆಯ ಅಂಚನ್ನು ಬರೀ ಎಣ್ಣೆ ಹಚ್ಚಿ ಬಿಡುವಂತಿಲ್ಲ, ಅದಕ್ಕೆ ರಾಳದ ಕವಚ ಬೇಕೇ ಬೇಕು. ಇಡೀ ಬೋರ್ಡನ್ನು ಕತ್ತಾಳೆಯಲ್ಲೇ ಮಾಡಲು ಬಹಳ ಕಂಬ ಬೇಕು, ರಾಳವೂ ಹೆಚ್ಚು ಹಿಡಿಯುತ್ತದೆ. ಅದಕ್ಕೇ ಅಂಚು ಮತ್ತು ತುದಿಗಳಿಗೆ ಮಾತ್ರ ಕತ್ತಾಳೆ ಎಂದದ್ದು.

ಕಟ್ಟುವ ಕೆಲಸ ಬಡಿಗೇರರಿಗೆ ಹೊಸದೇನಲ್ಲ. 6 ಮಿ.ಮೀ. ಪ್ಲೈವುಡ್ಡಿನಲ್ಲಿ ಬೆನ್ನೆಲುಬು ಕತ್ತರಿಸಿ, ಒಂದೊಂದು ಅಡಿಗೆ ಒಂದರಂತೆ ಅಡ್ಡಕ್ಕೆ ಪಕ್ಕೆಲುಬು ಕೂಡಿಸಬೇಕು. ಬೋರ್ಡಿನ ಆಕಾರವೆಲ್ಲ ಈ ಎಲುಬುಗೂಡಿನಲ್ಲೇ ನಿರ್ಧಾರವಾಗುತ್ತದೆ. ಪ್ರತಿ ಪಕ್ಕೆಲುಬಿನಲ್ಲೂ ದೊಡ್ಡ ತೂತು ಕೊರೆಯಿರಿ. ತೂಕ ಇಳಿಯುತ್ತದೆ, ಒಳಗಿನ ಗಾಳಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಲೂ ದಾರಿಯಾಗುತ್ತದೆ; ಎರಡನೆಯದು ಯಾಕೆ ಬೇಕೆಂಬುದು ಮುಂದೆ ತಿಳಿಯುತ್ತದೆ. ಫಿನ್ ಕೂರುವ ಜಾಗ, ಬೋರ್ಡು ಎತ್ತುವ ಹಿಡಿಕೆಯ ಜಾಗ, ಕಾಲಿಗೆ ಕಟ್ಟುವ ಹಗ್ಗದ ಜಾಗ, ಈ ಮೂರು ಕಡೆ ಒಳಗೆ ಗಟ್ಟಿ ಮರದ ತುಂಡು ಇಡಬೇಕು. ಹೊದಿಕೆ ಮುಚ್ಚಿದ ಮೇಲೆ ನೆನಪಾದರೆ ಉಪಯೋಗವಿಲ್ಲ. ತಳದ ಪಟ್ಟಿಗಳನ್ನು ನೀರು ತಡೆಯುವ ಅಂಟಿನಿಂದ ಅಂಟಿಸಿ, ಕ್ಲಾಂಪ್ ಹಾಕಿ, ಆಮೇಲೆ ಅಂಚಿನ ಕತ್ತಾಳೆ, ಕೊನೆಗೆ ಮೇಲ್ಹೊದಿಕೆ. ಎಲುಬಿನ ಮೇಲೆ ಹೊದಿಕೆ ಹೀಗೆ ಎರಡೂ ಕಡೆ ಬಿಗಿದಾಗ ಬರುವ ಗಟ್ಟಿತನ ಬೆರಗು ಹುಟ್ಟಿಸುವಂಥದು. ಹಲಗೆಯ ದಪ್ಪ ಎರಡರಷ್ಟಾದರೆ ಬಾಗದಿರುವ ಶಕ್ತಿ ಎಂಟರಷ್ಟಾಗುತ್ತದೆ. ನಡುವೆ ಬರೀ ಗಾಳಿ ಇದ್ದರೂ ಮೇಲೂ ಕೆಳಗೂ ಇರುವ ತೆಳು ಹೊದಿಕೆಗಳು ದೂರ ನಿಂತಷ್ಟೂ ಬೋರ್ಡು ಬಿರುಸಾಗುತ್ತದೆ.

ಹವೆಯ ವಿಷಯದಲ್ಲಿ ವಿಜಯಪುರಕ್ಕೆ ಒಂದು ಅನುಕೂಲ ಇದೆ. ಬೇಸಿಗೆಯ ಒಣಗಾಳಿಯಲ್ಲಿ ಮರ ಚೆನ್ನಾಗಿ ಕುಗ್ಗಿರುತ್ತದೆ, ಆಗ ಬಿಗಿದ ಜೋಡಣೆ ಮಳೆಗಾಲದಲ್ಲಿ ಇನ್ನೂ ಬಿಗಿಯಾಗುತ್ತದೆ. ಕರಾವಳಿಯ ತೇವದಲ್ಲಿ ಕಟ್ಟಿದ ಬೋರ್ಡನ್ನು ಇಲ್ಲಿಗೆ ತಂದರೆ ಉಲ್ಟಾ, ಸಂದು ಬಿಡುತ್ತದೆ.

ಈಗ ಹೊರಕವಚ. ಇಲ್ಲಿ ಪೂರ್ತಿ ಹಸಿರು ಎನ್ನುವ ದಾರಿ ಯಾವುದೂ ಇಲ್ಲ. ಗಾಜಿನೆಳೆಯ ಬದಲು ಅಗಸೆ ನಾರಿನ ಬಟ್ಟೆ ಬಳಸುವವರು ಯೂರೋಪಿನಲ್ಲಿದ್ದಾರೆ. ನಮ್ಮಲ್ಲಿ ಹಿಂಗಾರಿಗೆ ಎಣ್ಣೆಗೆಂದು ಬಿತ್ತುವ ಅಗಸೆಯೂ ಅದೇ ಗಿಡ, ತಳಿ ಬೇರೆ. ಪುಂಡಿ ನಾರು ಕೂಡ ಈ ಕೆಲಸಕ್ಕೆ ಬಂದೀತು ಅನ್ನಿಸಬಹುದು. ಆದರೆ ಸಸ್ಯದ ನಾರು ಗಾಜಿನೆಳೆಗಿಂತ ಹಗುರವಾದರೂ ರಾಳವನ್ನು ಹೆಚ್ಚು ಕುಡಿಯುತ್ತದೆ. ಬಟ್ಟೆಯಲ್ಲಿ ಉಳಿಸಿದ್ದನ್ನು ರಾಳದಲ್ಲಿ ಕಳೆದುಕೊಂಡರೆ ಏನು ಬಂತು? ಮರವೇ ಭಾರ ಹೊರುವ ನಮ್ಮ ಬೋರ್ಡಿಗೆ ಚದರ ಮೀಟರಿಗೆ 135 ಗ್ರಾಂ ತೂಗುವ ತೆಳು ಗಾಜಿನ ಬಟ್ಟೆಯ ಒಂದೇ ಪದರ ಸಾಕು. ಅದಕ್ಕೆ ಹಿಡಿಯುವ ಎಪಾಕ್ಸಿ ಎರಡು ಕೆಜಿಯ ಒಳಗೆ.

ಎಪಾಕ್ಸಿ ಆರಿಸಲು ಕಾರಣ ಸ್ಟೈರೀನ್ ಆವಿ ಇಲ್ಲದಿರುವುದು, ಮರವನ್ನು ಬಲವಾಗಿ ಹಿಡಿಯುವುದು. ಸಸ್ಯಮೂಲದ ಅಂಶವಿರುವ ಎಪಾಕ್ಸಿಗಳಿಗೆ ಒಂದು ಕಚ್ಚಾವಸ್ತು ಬಯೋಡೀಸೆಲ್ ತಯಾರಿಯಲ್ಲಿ ಉಳಿಯುವ ಗ್ಲಿಸರಿನ್. ಎಪಾಕ್ಸಿಯನ್ನು ಗಟ್ಟಿಮಾಡುವ ಹಾರ್ಡನರ್‌ಗೆ ಒಂದು ಮೂಲ ಮಂಗಳೂರಿನಲ್ಲೇ ಇದೆ: ಗೇರುಬೀಜದ ಸಿಪ್ಪೆಯ ಎಣ್ಣೆ. ಅದರಿಂದ ತೆಗೆದ ಕಾರ್ಡನಾಲ್‌ನಿಂದ ತಯಾರಾಗುವ ಹಾರ್ಡನರ್‌ಗಳನ್ನು ಹಡಗಿನ ಬಣ್ಣಗಳಲ್ಲಿ ಬಳಸುತ್ತಾರೆ. ಮರದ ದೋಣಿಗೆ ಗೇರೆಣ್ಣೆ ಬಳಿಯುವ ರೂಢಿ ಕರಾವಳಿಯಲ್ಲಿ ಮೊದಲೇ ಇತ್ತು. ಬಣ್ಣ ಮಾತ್ರ ಕಂದು, ಮರದ ಬೋರ್ಡಿಗೆ ಅದೇನೂ ಅಂದಗೆಡಿಸದು.

ರಾಳ ಬಳಿಯುವುದಕ್ಕೆ ಹೊತ್ತು ನೋಡಬೇಕು. ಬಿಸಿ 10 ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿ ಕೈಗೆ ಸಿಗುವ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಬಕೆಟ್ಟಿನಲ್ಲಿ ಕಲಸಿದರೆ ಬ್ರಷ್ ಎತ್ತುವ ಮೊದಲೇ ಹೊಗೆಯಾಡಿ ಕಲ್ಲಾದೀತು. ಬೆಳಗ್ಗೆ ಮಾಡೋಣ ಎಂದರೆ ಇನ್ನೊಂದು ತೊಡಕು: ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹಸಿ ರಾಳವನ್ನು ತಳ್ಳಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ, ಬಿಸಿ ಇಳಿಯುವಾಗ ಬಳಿದರೆ ಮರ ರಾಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಯಲ್ಲಿ ಹರಡಿಟ್ಟುಕೊಳ್ಳಿ. ಅಳತೆಗೆ ತಕ್ಕಡಿ ಬೇಕು. ಬೇಗ ಆರಲಿ ಎಂದು ಹಾರ್ಡನರ್ ಹೆಚ್ಚು ಸುರಿಯುವ ಅಭ್ಯಾಸ ಪಾಲಿಯೆಸ್ಟರ್‌ನಿಂದ ಬಂದದ್ದು. ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಯಾವತ್ತೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಬಿಡದು. ಪಾಲಿಶ್ ಪೇಪರ್ ಉಜ್ಜುವಾಗ ಮಾಸ್ಕ್ ಹಾಕಿ, ದೂಳನ್ನು ಗುಡಿಸಿ ಚೀಲದಲ್ಲಿ ತುಂಬಿಡಿ. ಕೆರೆಯ ದಂಡೆಯಲ್ಲಿ ಉಜ್ಜಿ ಗಾಳಿಗೆ ಬಿಡುವುದಾದರೆ ಇಷ್ಟೆಲ್ಲ ಕಷ್ಟಪಟ್ಟದ್ದು ವ್ಯರ್ಥ.

ರಾಳವೇ ಬೇಡ ಎನ್ನುವವರು ಅಲಾಯಾ ಮಾದರಿಯ ಒಂಟಿ ಹಲಗೆ ಮಾಡಿ, ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಯನ್ನು ನಾಲ್ಕಾರು ಕೈ ಹಚ್ಚಬಹುದು. ಅದು ತೇಲುವುದು ಕಡಿಮೆ, ಮಲಗಿ ಆಡುವ ಮಕ್ಕಳಿಗೆ ಸರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಟೊಳ್ಳು ಬೋರ್ಡಿನ ಮೇಲ್ಮೈಯಲ್ಲಿ ಬಿರಡೆಯಂಥ ಒಂದು ಸಣ್ಣ ತಿರುಪು ಇರಲೇಬೇಕು. ಬಿಸಿಲಿನಲ್ಲಿಟ್ಟ ಬೋರ್ಡಿನ ಒಳಗಾಳಿ 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಒತ್ತಡ ಶೇ 12ರಷ್ಟು ಹೆಚ್ಚುತ್ತದೆ. ಕೇಳಲು ಸಣ್ಣದು, ಲೆಕ್ಕ ಹಾಕಿದರೆ ಒಂದೊಂದು ಚದರ ಮೀಟರಿಗೂ ಸುಮಾರು 1,200 ಕೆಜಿ ಭಾರ ಒಳಗಿನಿಂದ ತಳ್ಳಿದ ಹಾಗೆ. 5 ಮಿ.ಮೀ. ಹೊದಿಕೆ ಪಕ್ಕೆಲುಬಿನಿಂದ ಕಿತ್ತು ಬರಲು ಅಷ್ಟು ಸಾಕು. ಪಕ್ಕೆಲುಬುಗಳಿಗೆ ತೂತು ಕೊರೆದದ್ದು ಎಲ್ಲ ಕೋಣೆಗಳ ಗಾಳಿ ಈ ಒಂದು ತಿರುಪಿನಲ್ಲಿ ಹೊರಹೋಗಲಿ ಎಂದೇ. ದಂಡೆಗೆ ಬಂದ ಕೂಡಲೇ ತಿರುಪು ಸಡಿಲಿಸಿ, ಬೋರ್ಡನ್ನು ಬೇವಿನ ನೆರಳಿಗೆ ಸರಿಸಿ. ಕಾದ ಬೋರ್ಡನ್ನು ಹಾಗೇ ತಣ್ಣೀರಿಗೆ ಇಳಿಸುವುದೂ ತಪ್ಪು. ಒಳಗಾಳಿ ತಟ್ಟನೆ ಕುಗ್ಗಿ, ಸೂಜಿಮೊನೆಯಷ್ಟು ಸಂದಿದ್ದರೂ ನೀರನ್ನು ಹೀರಿಕೊಳ್ಳುತ್ತದೆ. ತಿರುಪು ತೆಗೆದಿಟ್ಟು ತಣಿಯಲು ಬಿಟ್ಟು, ಆಮೇಲೆ ಬಿಗಿದು ನೀರಿಗಿಳಿಸಿ.

ಮಮದಾಪುರದಂಥ ಕೆರೆಯಲ್ಲಿ ಫಿನ್ ಉದ್ದ ಇರಬಾರದು. ಅಂಚಿನ ಹೂಳು, ಜೊಂಡಿಗೆ ಸಿಕ್ಕಿ ಬೋರ್ಡು ತಟ್ಟನೆ ನಿಂತರೆ ಮೇಲಿದ್ದವನು ಮುಂದಕ್ಕೆ ಬೀಳುತ್ತಾನೆ. ನಾಲ್ಕೈದು ಇಂಚಿನ, ಹಿಂದಕ್ಕೆ ವಾಲಿದ ಪ್ಲೈವುಡ್ ಫಿನ್ ಸಾಕು. ಹುಟ್ಟಿಗೆ ಬಿದಿರಿನ ಕೋಲು, ಪ್ಲೈವುಡ್ಡಿನ ಅಲಗು. ಕಾಲು ಜಾರದಂತೆ ಮೇಲೆ ಸವರಲು ಪೆಟ್ರೋಲಿಯಂ ಮೇಣದ ಬದಲು ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಕೂಡಿಸಿ ಕರಗಿಸಿಕೊಳ್ಳಬಹುದು. ನಮ್ಮ ಬಿಸಿಲಿಗೆ ಎಣ್ಣೆ ಕಡಿಮೆ, ಮೇಣ ಹೆಚ್ಚು. ಜನರ ಬಳಕೆಯ ನೀರು, ಆಳವೂ ಎಲ್ಲ ಕಡೆ ಒಂದೇ ಸಮನಿಲ್ಲ. ಗ್ರಾಮ ಪಂಚಾಯಿತಿಯನ್ನು ಕೇಳದೆ, ಲೈಫ್ ಜಾಕೆಟ್ ಹಾಕದೆ ಇಳಿಯುವುದು ಬೇಡ.

ಪೆಟ್ಟು ಬಿದ್ದು ಕವಚ ಒಡೆದರೆ ಅವತ್ತೇ ತೇಪೆ ಹಾಕುವ ಆತುರ ಬೇಡ. ತಿರುಪು ತೆಗೆದು, ಒಡೆದ ಜಾಗ ಕೆಳಮುಖವಾಗುವಂತೆ ನಿಲ್ಲಿಸಿ, ವಾರಗಟ್ಟಲೆ ನೆರಳಲ್ಲಿ ಒಣಗಿಸಿ. ತೇವ ಒಳಗಿಟ್ಟು ಮುಚ್ಚಿದರೆ ಮರ ಕೊಳೆಯುತ್ತದೆ. ಫೋಮ್ ಬೋರ್ಡಿಗಿಂತ ಮರದ್ದು ಇಲ್ಲಿ ಗೆಲ್ಲುತ್ತದೆ: ಕೆಟ್ಟ ಪಟ್ಟಿಯನ್ನಷ್ಟೇ ಉಳಿಯಿಂದ ಬಿಡಿಸಿ ಹೊಸದು ಕೂಡಿಸಬಹುದು, ಉಳಿದ ಮೈಗೆ ಕೈ ಹಚ್ಚಬೇಕಿಲ್ಲ. ಇನ್ನು ರಿಪೇರಿಗೆ ಬಗ್ಗದು ಎನ್ನುವ ಕಾಲ ಬಂದಾಗ ಫಿನ್, ತಿರುಪು, ಹಿಡಿಕೆ ಬಿಚ್ಚಿಟ್ಟುಕೊಂಡರೆ ಮುಂದಿನ ಬೋರ್ಡಿಗಾಯಿತು. ಹೊದಿಕೆಯನ್ನು ಕೊಯ್ದು ಕಪಾಟಿನ ಹಲಗೆಯೋ ಬೆಂಚೋ ಮಾಡಬಹುದು. ಎಪಾಕ್ಸಿ ಹಿಡಿದ ತುಂಡನ್ನು ಮಾತ್ರ ಒಲೆಗೆ ಹಾಕಬಾರದು, ಅದರ ಹೊಗೆ ಕೆಟ್ಟದ್ದು.